ರತ್ನಾವತಿ ಅತ್ತೆಯ ಮೌನವ್ರತ

ಬೆಹಾಲಾ, ಕೋಲ್ಕತ್ತಾ
23 ಜೂನ್ 2025, ಸೋಮವಾರ

ಅತ್ತೆಯವರಿಗೆ ಮಾನ್ಯಳ ನಮಸ್ಕಾರ.

ಬೆಳಗಿನ ಜಾವ ನಾಲ್ಕೂ ಇಪ್ಪತ್ತು. ಕೆಳಗೆ ಮೀನಿನ ಗಾಡಿಯವನು ಐಸ್ ತುಂಬಿದ ತಗಡಿನ ಪೆಟ್ಟಿಗೆಯನ್ನು ದಢಾರನೆ ರಸ್ತೆಗೆ ಎತ್ತಿಹಾಕಿದ. ಆ ಸದ್ದಿಗೆ ಎಚ್ಚರವಾಯಿತು. ನಿಮ್ಮ ಮಗ ಬೈದುಕೊಂಡು ಮಗ್ಗುಲಾದರು. ತನ್ಮಯಿ ಮಾತ್ರ ಅಲ್ಲಾಡಲಿಲ್ಲ. ಇವಳ ನಿದ್ದೆಯಲ್ಲಿ ಕಾಲುಭಾಗ ನನಗೆ ಸಿಕ್ಕಿದ್ದರೆ ನಾನೂ ಸ್ವಲ್ಪ ಮನುಷ್ಯರ ಹಾಗೆ ಇರುತ್ತಿದ್ದೆ.

ಮತ್ತೆ ಮಲಗಿ ಪ್ರಯೋಜನವಿಲ್ಲ ಎಂದು ಬರೆಯಲು ಕೂತೆ. ಯುಗಾದಿಯ ದಿನ ನೀವು ಮೌನ ಹಿಡಿದ ಮೇಲೆ ನಮ್ಮ ಸಂಸಾರದ ಮಾತೆಲ್ಲ ಹೀಗೆ ಕಾಗದದಲ್ಲೇ ಆಗಿದೆ: ಬರೆಯುವುದು, ಫೋಟೋ ತೆಗೆಯುವುದು, ವಾಟ್ಸಾಪಿನಲ್ಲಿ ಕಳಿಸುವುದು. ಮೊಮ್ಮಗಳಿಗೆ ಮಾತು ಬರಲಿ ಎಂದು ನೀವು ನಿಮ್ಮ ಮಾತನ್ನೇ ಬಿಟ್ಟು ಕೂತಿರುವಾಗ, ನನಗೆ ಬೇಜಾರು ಎನ್ನುವುದು ಸಣ್ಣತನ. ಗೊತ್ತು. ಆದರೂ ಅತ್ತೆ, ಎರಡೂಮುಕ್ಕಾಲು ವರ್ಷದ ಮಗು ಒಂದು 'ಅಮ್ಮ' ಅನ್ನುವುದಿಲ್ಲ. ಬೇಜಾರಲ್ಲದೆ ಮತ್ತೇನು?

ನೀವು ಕಳಿಸಿದ ಕ್ಷೇತ್ರಗಳ ಪಟ್ಟಿಯ ಪ್ರಕಾರ ನಿನ್ನೆ ದಕ್ಷಿಣೇಶ್ವರದ ದೇವಿಯ ಗುಡಿಗೆ ಹೋಗಿ ಬಂದೆವು. ಬೆಹಾಲಾದಿಂದ ಬಸ್ಸು, ಆಮೇಲೆ ಮೆಟ್ರೋದಲ್ಲಿ ನಿಂತೇ ಪ್ರಯಾಣ. ಜೂನ್ ತಿಂಗಳ ಸೆಖೆ, ಮೈಲುದ್ದದ ಸಾಲು, ದಾಸವಾಳದ ಹಾರದ ಬುಟ್ಟಿ ಹೊತ್ತವರು ಮೊಣಕೈಯಲ್ಲಿ ಮಗುವಿನ ತಲೆಗೇ ತಿವಿಯುತ್ತಾರೆ. ಹಿಂದಿದ್ದ ಒಬ್ಬ ಅಜ್ಜಿ "ಎಗೋಓ, ಎಗೋಓ," ಮುಂದೆ ಹೋಗು ಎಂದು ನನ್ನ ಬೆನ್ನಿಗೆ ಗುದ್ದುತ್ತಲೇ ಇದ್ದಳು. "ಎಲ್ಲಿಗೆ ಹೋಗಲಿ, ದೇವಿಯ ತೊಡೆ ಮೇಲೆ ಕೂರಲಾ?" ಎಂದು ಕನ್ನಡದಲ್ಲೇ ಬೈದೆ. ನಿಮ್ಮ ಮಗನಿಗೆ ನಗು.

ಸಂಜೆಯ ಆರತಿಗೆ ಕೂತೆವು. ಜಾಗಟೆ, ಗಂಟೆ, ಢೋಲು, ಶಂಖ ಎಲ್ಲ ಒಟ್ಟಿಗೆ. ನನ್ನ ಹಲ್ಲುಗಳೇ ನಡುಗಿದವು. ಅಲ್ಲಿ ಒಂದು ಸೋಜಿಗವಾಯಿತು: ತನ್ಮಯಿ ನನ್ನ ಮಡಿಲಲ್ಲಿ ನಿದ್ದೆ ಹೋದಳು. ಸುತ್ತಲಿನ ಹೆಂಗಸರೆಲ್ಲ "ಕೀ ಶಾಂತೋ ಬಾಚ್ಚಾ!" ಎಂದರು. ಎಷ್ಟು ಶಾಂತ ಮಗು ಅಂತ. ಸಾಲಿನಲ್ಲಿ ಗುದ್ದುತ್ತಿದ್ದ ಅದೇ ಅಜ್ಜಿ ಬಂದು ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು. ನಿಮಗೆ ಸಂತೋಷವಾಗಲಿ ಎಂದು ಬರೆದೆ.

ಮಾನ್ಯ

—

ಕುಂದಾಪುರ
29 ಜೂನ್ 2025

ಪ್ರೀತಿಯ ಮಾನ್ಯ,

ನಿನ್ನ ಕಾಗದವನ್ನು ದೇವರ ಮುಂದಿಟ್ಟು ಓದಿದೆ. ಮಗು ಆರತಿಯ ಹೊತ್ತಿಗೆ ಮಲಗಿತೆಂದು ಬರೆದಿದ್ದೀಯಲ್ಲ, ಅದು ನಿದ್ದೆಯಲ್ಲ ಮಗಳೇ. ದೇವಿ ತನ್ನ ಕಡೆಗೆ ಎಳೆದುಕೊಂಡದ್ದು.

ನಿನ್ನ ಮಾವನವರ ಅಕ್ಕ ರತ್ನಾವತಿಯನ್ನು ನೀನು ನೋಡಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿದ್ದೀ. ನಾನು ಈ ಮನೆಗೆ ಬಂದಾಗ ಅವಳಿಗೆ ಮೂವತ್ತು. ಆಗಲೇ ಊರೆಲ್ಲ ಅವಳನ್ನು ಮೌನವ್ರತದ ರತ್ನಮ್ಮ ಎನ್ನುತ್ತಿತ್ತು. ಒಂದು ಮಾತಿಲ್ಲ, ಒಂದು ದೂರಿಲ್ಲ. ಮಕ್ಕಳಿಗೆ ಹುಷಾರಿಲ್ಲದಿದ್ದರೆ ಅವಳ ಕೈಯಿಂದ ತೀರ್ಥ ತೆಗೆದುಕೊಳ್ಳಲು ಜನ ಬರುತ್ತಿದ್ದರು. ಅವಳ ಮನಸ್ಸಿನಲ್ಲಿದ್ದದ್ದು ನನಗೊಬ್ಬಳಿಗೇ ತಿಳಿಯುತ್ತಿತ್ತು. ಕೊನೆಗೆ, ಮಗ ಸುಧನ್ವ ಹುಟ್ಟುವ ಮೊದಲೇ, ಪೂಜೆಗೆ ಹೋಗುವ ದಾರಿಯಲ್ಲಿಯೇ ದೇವರು ಕರೆದುಕೊಂಡ. ಅಂಥ ಪುಣ್ಯ ಎಷ್ಟು ಮಂದಿಗುಂಟು?

ತನ್ಮಯಿಯ ಮುಖದಲ್ಲಿ ನನಗೆ ರತ್ನಾವತಿ ಕಾಣುತ್ತಾಳೆ. ಹೆದರಬೇಡ. ಗುಡ್ಡದ ಅಮ್ಮನಿಗೆ ಹರಕೆ ಹೇಳಿಕೊಂಡದ್ದು ನೆನಪಿದೆಯಷ್ಟೆ: ಬರುವ ಸಂಕ್ರಾಂತಿಗೆ ಮಗು ತನ್ನ ಕೈಯಿಂದಲೇ ಗಂಟೆ ಕಟ್ಟಿ ಬಾರಿಸಬೇಕು. ಆವತ್ತಿನವರೆಗೆ ನನ್ನ ಬಾಯಿ ತೆರೆಯುವುದಿಲ್ಲ. ಪಟ್ಟಿಯಲ್ಲಿ ಇನ್ನೂ ನಾಲ್ಕು ಕ್ಷೇತ್ರಗಳಿವೆ. ಬಿಸಿಲು, ಸಾಲು ಎಂದು ಅರ್ಧಕ್ಕೆ ಬಿಡಬೇಡ.

ವಸಂತಾ

—

ಬೆಹಾಲಾ
17 ಆಗಸ್ಟ್ 2025

ಅತ್ತೆಯವರಿಗೆ,

ಒಂದೂವರೆ ತಿಂಗಳು ಬರೆಯಲಿಲ್ಲ. ಬರೆಯಲು ಕೂತು ಎರಡು ಸಲ ಹರಿದುಹಾಕಿದೆ.

ನಿಮ್ಮ ಪಟ್ಟಿಯ ನಾಲ್ಕರಲ್ಲಿ ಮೂರು ಕ್ಷೇತ್ರ ಮುಗಿಸಿದೆ. ನಿಮ್ಮ ಪಟ್ಟಿಯಲ್ಲಿಲ್ಲದ ಒಂದು ಕಡೆಗೂ ಹೋದೆ. ನಮ್ಮ ಬೀದಿಯ ಕೊನೆಗೆ ಒಬ್ಬ ಪೀರನ ಗೋರಿಯಿದೆ. ಗುರುವಾರ ಎಲ್ಲ ಜಾತಿಯ ಹೆಂಗಸರೂ ಬಂದು ದಾರ ಕಟ್ಟುತ್ತಾರೆ. ಮಡಿ, ಮೈಲಿಗೆ ಎಂದು ಶುರು ಮಾಡಬೇಡಿ. ಮೊದಲು ಪೂರ್ತಿ ಓದಿ.

ಬಾಗಿಲಲ್ಲಿ ಊದುಬತ್ತಿ ಮಾರುವ ಹೆಂಗಸು, ಹಲ್ಲೆಲ್ಲ ಪಾನಿನ ಕೆಂಪು, "ಯಾತಕ್ಕೆ ಬಂದೆ?" ಎಂದು ಕೇಳಿದಳು. ಮಗುವಿಗೆ ಮಾತಿಲ್ಲ ಎಂದೆ. ಅವಳು ತನ್ಮಯಿಯನ್ನು ಮೇಲಿಂದ ಕೆಳಗೆ ನೋಡಿ, "ಓ ಕಾನೇ ಶೋನೇ ತೋ?" ಎಂದಳು. ಇವಳಿಗೆ ಕಿವಿ ಕೇಳುತ್ತದೆ ತಾನೆ? ಅಷ್ಟೇ. ಒಂದೇ ಪ್ರಶ್ನೆ. ನಾನು "ಇದೆಂಥ ಮಾತು" ಎಂದು ಸಿಡುಕಿದೆ. ಅವಳೇನೂ ವಾದ ಮಾಡಲಿಲ್ಲ. ಬತ್ತಿಯ ಡಬ್ಬದ ಮುಚ್ಚಳ ತೆಗೆದು, ಮಗುವಿನ ಬೆನ್ನಹಿಂದೆ ಹೋಗಿ, ಕಲ್ಲಿನ ಮೇಲೆ ರಪ್ಪೆಂದು ಬಡಿದಳು. ಪಾರಿವಾಳಗಳೆಲ್ಲ ಹಾರಿದವು. ಒಬ್ಬ ಮುದುಕ "ಯಾ ಅಲ್ಲಾ" ಎಂದ. ತನ್ಮಯಿ ಇರುವೆಯ ಸಾಲು ನೋಡುತ್ತಾ ಇದ್ದಳು.

ದಕ್ಷಿಣೇಶ್ವರದಲ್ಲಿ ಅವಳು ಯಾಕೆ ಮಲಗಿದಳೆಂದು ಆಗ ಅರ್ಥವಾಯಿತು, ಅತ್ತೆ. ಮೀನಿನವನ ಪೆಟ್ಟಿಗೆಗೆ ಯಾಕೆ ಅಲ್ಲಾಡುವುದಿಲ್ಲ ಎಂದೂ.

ಪರೀಕ್ಷೆಗಳಾದವು. ಮಲಗಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಕೇಳುವುದಿಲ್ಲ. ಹುಟ್ಟಿನಿಂದಲೇ. "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಡಾಕ್ಟರಮ್ಮ ಕೇಳಿದರು. ನಾಲ್ಕು ಭಾಷೆಯ ಮನೆ, ಮಾತು ತಡವಾಗುತ್ತದೆ ಎಂದುಕೊಂಡಿದ್ದೆವು ಎಂದೆ. ದೇವಸ್ಥಾನ ಸುತ್ತುತ್ತಿದ್ದೆವು ಎಂದು ಹೇಳಲು ನಾಚಿಕೆಯಾಯಿತು. ನಾನು ಎಂ.ಎ. ಮಾಡಿದವಳು. ನಿಮ್ಮ ಮಗ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಮುಚ್ಚಳ ಬಡಿದು ನೋಡುವ ಬುದ್ಧಿ ಊದುಬತ್ತಿಯವಳಿಗಿತ್ತು.

ಡಾಕ್ಟರಮ್ಮ ಒಂದು ವಿಷಯ ಒತ್ತಿ ಕೇಳಿದ್ದಾರೆ. ಎರಡೂ ಕಡೆಯ ಮನೆತನದಲ್ಲಿ ಹುಟ್ಟಾ ಕಿವಿ ಕೇಳದವರು ಯಾರಾದರೂ ಇದ್ದರೇ? ಧಾರವಾಡದಲ್ಲಿ ನಮ್ಮ ಕಡೆ ಅಜ್ಜನ ಕಾಲದವರೆಗೆ ವಿಚಾರಿಸಿದೆ, ಯಾರೂ ಇಲ್ಲ. ನಿಮ್ಮ ಕಡೆಯದು ತಿಳಿಸಿ.

ಮಾನ್ಯ

—

ಕುಂದಾಪುರ
24 ಆಗಸ್ಟ್ 2025

ಮಾನ್ಯ,

ಎರಡು ಸಲ ಓದಿದೆ. ಮೂರನೆಯ ಸಲ ಓದುವ ಧೈರ್ಯವಾಗಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ನಮ್ಮ ಮನೆತನದಲ್ಲಿ ಅಂಥದ್ದು ಯಾರಿಗೂ ಇರಲಿಲ್ಲ. ಹಾಗೆಂದೇ ಬರೆಸು.

ಯಂತ್ರಗಳು ಹೇಳಿದ್ದೆಲ್ಲ ಕೊನೆಯ ಮಾತಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ನೋಡಿದವಳು ನಾನು, ತಡವಾಗಿ ಅರಳಿದವರನ್ನೂ ಕಂಡಿದ್ದೇನೆ. ಈ ವಿಷಯ ಸದ್ಯ ನಾಲ್ಕು ಗೋಡೆಯೊಳಗಿರಲಿ. ಅಹಲ್ಯಾಳಿಗೆ ಬ್ರಹ್ಮಾವರದ ಕಡೆಯಿಂದ ಒಂದು ಸಂಬಂಧ ಬಂದಿದೆ, ಒಳ್ಳೆಯ ಜನ. ನಿನ್ನ ನಾದಿನಿಯ ಬಾಳು ಎಂದು ನೆನಪಿಟ್ಟುಕೋ.

ಗಂಟೆಯನ್ನು ಬಂಗಾಳದಲ್ಲೇ ಎರಕ ಹೊಯ್ಯಿಸಲು ಸುಧನ್ವನಿಗೆ ಬರೆದಿದ್ದೇನೆ. ಅಲ್ಲಿನ ಕಂಚು ಒಳ್ಳೆಯದಂತೆ.

ವಸಂತಾ

—

ಬೆಹಾಲಾ
7 ಡಿಸೆಂಬರ್ 2025

ಅತ್ತೆ,

ಹೊರಗಿನಿಂದ ಹಾಕುವ ಕಿವಿಯಂತ್ರ ಮೂರು ತಿಂಗಳು ಹಾಕಿ ನೋಡಿದೆವು. ಏನೂ ಇಲ್ಲ. ಕಿತ್ತು ಎಸೆಯುತ್ತಾಳೆ, ನಾನು ಹಾಕುತ್ತೇನೆ, ಮತ್ತೆ ಎಸೆಯುತ್ತಾಳೆ.

ಉಳಿದಿರುವುದು ಕಾಕ್ಲಿಯರ್ ಇಂಪ್ಲಾಂಟ್. ಆಪರೇಷನ್ ಮಾಡಿ ಕಿವಿಯ ಒಳಗೆ ಕೂರಿಸುವ ಯಂತ್ರ. ಆಮೇಲೆ ವರ್ಷಗಟ್ಟಲೆ ಕಲಿಸಬೇಕು, ಆದರೆ ಕೇಳಿಸುತ್ತದೆ. ಎಳೆಯ ಮಿದುಳು ಸದ್ದನ್ನು ಕಲಿಯುವ ವಯಸ್ಸು ಕಳೆದುಹೋಗುತ್ತಿದೆ, ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ ಎಂದರು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಮಗೆ ದಿನ ಸಿಕ್ಕಿದೆ: ಜನವರಿ ಹನ್ನೆರಡರ ಬೆಳಿಗ್ಗೆ ಎಂಟಕ್ಕೆ ದಾಖಲು, ಹದಿಮೂರಕ್ಕೆ ಆಪರೇಷನ್. ತಪ್ಪಿಸಿಕೊಂಡರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು.

ಹದಿನಾಲ್ಕಕ್ಕೆ ಸಂಕ್ರಾಂತಿ, ನಿಮ್ಮ ಗಂಟೆ. ಎರಡೂ ಆಗುವುದಿಲ್ಲ. ಹರಕೆಯನ್ನು ಮುಂದಿನ ವರ್ಷಕ್ಕೆ ಹಾಕಿ. ದೇವಿಗೆ ಕ್ಯಾಲೆಂಡರಿನ ಹಂಗಿಲ್ಲ, ಆಸ್ಪತ್ರೆಗಿದೆ. ನಾನೇ ಮಗುವನ್ನು ಎತ್ತಿಕೊಂಡು ಗುಡ್ಡ ಹತ್ತುತ್ತೇನೆ, ಬರಿಗಾಲಿನಲ್ಲಿ. ಮಾತು ಕೊಡುತ್ತೇನೆ.

ಮಾನ್ಯ

—

ಕುಂದಾಪುರ
21 ಡಿಸೆಂಬರ್ 2025

ಮಾನ್ಯ,

ಹೇಳಿಕೊಂಡ ಹರಕೆಯನ್ನು ಮುಂದಕ್ಕೆ ಹಾಕಲು ಅದೇನು ರೈಲಿನ ಟಿಕೆಟ್ಟಲ್ಲ. ಒಂಬತ್ತು ತಿಂಗಳಾಯಿತು ನಾನು ಮಾತಾಡದೆ. ಬಾಯಿಯೊಳಗೆ ನಾಲಿಗೆ ಇದೆಯೋ ಇಲ್ಲವೋ ಎಂದು ಕೆಲವು ದಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ಹಾಲಿನ ಜೀವನ್ ಮೊನ್ನೆಯಿಂದ ಚಪ್ಪಲಿ ಬಿಟ್ಟು ಬಂದು ಕೈಮುಗಿಯುತ್ತಾನೆ. ಒಬ್ಬಳು ಮಗುವನ್ನು ಕರೆದುಕೊಂಡು ತೀರ್ಥಕ್ಕೆಂದು ಬಂದಿದ್ದಳು. ಬಾಗಿಲು ಹಾಕಿಕೊಂಡೆ. ರತ್ನಾವತಿಗೆ ಹೇಗಿದ್ದಿರಬೇಕು ಎಂದು ಈಗ ಅರ್ಥವಾಗುತ್ತದೆ. ಎಲ್ಲ ಬರೆಯಲಾಗುವುದಿಲ್ಲ.

ಸುಧನ್ವ ಬರೆದಿದ್ದಾನೆ. ಹನ್ನೆರಡರ ಬೆಳಗಿನ ವಿಮಾನಕ್ಕೆ ಮಗುವನ್ನು ಕರೆತರುತ್ತಾನಂತೆ. ನೀನೂ ಬಾ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ವಸಂತಾ

—

ಬೆಹಾಲಾ
12 ಜನವರಿ 2026, ಸೋಮವಾರ

ಅತ್ತೆ,

ಮೂರೂ ಹತ್ತು. ಗಂಟೆಯ ಸದ್ದಿಗೆ ಎಚ್ಚರವಾಯಿತು.

ನಿಮ್ಮ ಹರಕೆಯ ಗಂಟೆ. ನಿಮ್ಮ ಮಗ ಅದನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗಿಡಲು ಹೋಗಿ ಜಾರಿಸಿದ. ನಡುಮನೆಯ ನೆಲಕ್ಕೆ ಬಿದ್ದು ಇಡೀ ಮನೆಯಲ್ಲಿ ಮೊಳಗಿತು. ಮೇಲಿನ ಮನೆಯವರು ಲೈಟು ಹಾಕಿದರು, ಬೀದಿ ನಾಯಿಗಳು ಬೊಗಳಿದವು. ನಾನು ಎದ್ದು ಕೂತು ಮೊದಲು ನೋಡಿದ್ದು ಪಕ್ಕದಲ್ಲಿದ್ದ ಮಗುವನ್ನು. ಮಲಗಿದ್ದಳು. ಬಾಯಿ ಅರ್ಧ ತೆರೆದು, ಕೈಯಲ್ಲಿ ನನ್ನ ಬಳೆ ಹಿಡಿದು. ಈ ಗಂಟೆಯನ್ನು ಅವಳು ಬಾರಿಸಬೇಕಲ್ಲವೆ? ನೋಡಿ, ಬಾರಿಸಿ ಆಯಿತು. ಅವಳಿಗೆ ಗೊತ್ತೇ ಆಗಲಿಲ್ಲ.

ನಡುಮನೆಗೆ ಹೋಗಿ ಜಗಳವಾಡಿದೆ. ಅದನ್ನು ಬರೆಯುವುದಿಲ್ಲ. ಆಮೇಲೆ ಅವನು ನೆಲದ ಮೇಲೆ ಕೂತುಬಿಟ್ಟ. "ಹತ್ತು ತಿಂಗಳಾಗುತ್ತಾ ಬಂತು ಮಾನ್ಯ, ನನ್ನ ಅಮ್ಮನ ದನಿ ಕೇಳಿ. ಈ ಗಂಟೆ ಕಟ್ಟದಿದ್ದರೆ ಅವಳು ಮತ್ತೆ ಮಾತೇ ಆಡುವುದಿಲ್ಲ, ನಿಂಗೆ ಗೊತ್ತಿಲ್ಲ ಅವಳು ಎಂಥ ಹಟಮಾರಿ ಅಂತ," ಎಂದ. ಮೂವತ್ತಾರು ವರ್ಷದವನು ಮಗುವಿನ ಹಾಗೆ ಅತ್ತ. ನನಗೆ ಪಾಪ ಅನ್ನಿಸಬೇಕಿತ್ತು. ಸಿಟ್ಟೇ ಬಂತು. ನನ್ನ ಮಗಳಿಗೆ ತನ್ನ ಅಮ್ಮನ ದನಿ ಮೂರೂಕಾಲು ವರ್ಷದಿಂದ ಕೇಳಿಲ್ಲ, ಅದಕ್ಕೆ ಯಾರು ಅಳುತ್ತಾರೆ?

ಈಗ ವಿಷಯಕ್ಕೆ ಬರುತ್ತೇನೆ.

ಮೊನ್ನೆ ಶನಿವಾರ ಮುರಾರಿ ಭಟ್ಟರು ಬಂದಿದ್ದರು. ನಿಮ್ಮೂರಿನವರೇ, ಇಲ್ಲಿ ನಲವತ್ತು ವರ್ಷದಿಂದ ಅಡುಗೆ ಕಂಟ್ರಾಕ್ಟು ಹಿಡಿಯುವವರು, ನಮಗೆ ಸಾರಿನ ಪುಡಿ ತಂದುಕೊಡುವವರು. ಮಗುವಿನ ಕಿವಿಯ ವಿಷಯವನ್ನು ನಾಲ್ಕು ಗೋಡೆಯೊಳಗೆ ಇಟ್ಟುಕೊಂಡು ನನಗೆ ಸಾಕಾಗಿತ್ತು, ಅವರ ಹತ್ತಿರ ಹೇಳಿಬಿಟ್ಟೆ. ಮೌನವ್ರತದ ರತ್ನಾವತಿ ಅತ್ತೆಯ ಕೃಪೆ ಇದೆ, ಸರಿಹೋಗುತ್ತದೆ ಎಂದು ಮನೆಯಲ್ಲಿ ಕೂತಿದ್ದಾರೆ ಎಂದೆ. ಭಟ್ಟರು ಕಾಫಿ ಲೋಟ ಕೆಳಗಿಟ್ಟರು.

"ಎಂತ ಮೌನವ್ರತ ಮಾರಾಯ್ತಿ? ರತ್ನಕ್ಕನಿಗೆ ಕಿವಿ ಕೇಳ್ತಿರ್ಲಿಲ್ಲ ಅಲ್ವ!"

"ಕೇಳುತ್ತಿರಲಿಲ್ಲವೇ?" ಎಂದೆ.

"ನಾವು ಮಕ್ಕಳು ಹಿಂದಿನಿಂದ ಹೋಗಿ ತಟ್ಟೆ ಬಡೀತಿದ್ದೆವು. ತಿರುಗಿ ನೋಡ್ತಿರ್ಲಿಲ್ಲ. ನಾವೆಂತ ಪಿಶಾಚಿಗಳು ಅಂತ! ಅವಳ ತಮ್ಮ ತಂಗಿಯರ ಮದುವೆ ಆಗ್ಬೇಕಲ್ಲ? ಮನೆಯಲ್ಲಿ ಹುಟ್ಟಾ ಕೆಪ್ಪಿ ಉಂಟು ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ವ್ರತ ಅಂತ ಹೇಳಿದ್ರು. ಊರಿನವರಿಗೂ ಅದೇ ಚಂದ ಕಂಡಿತು. ಪಾಪ, ಲಾರಿಯವ ಹಿಂದಿನಿಂದ ಅಷ್ಟು ಹಾರ್ನ್ ಹಾಕಿದ್ದ. ದೇವಸ್ಥಾನದ ತಿರುವಿನಲ್ಲಿ."

ಪೂಜೆಗೆ ಹೋಗುವ ದಾರಿಯಲ್ಲಿ ದೇವರು ಕರೆದುಕೊಂಡ ಎಂದು ಬರೆದಿದ್ದಿರಿ ನೀವು. ದೇವರು ಹಾರ್ನ್ ಹಾಕಿದ್ದ, ಅತ್ತೆ.

ಭಟ್ಟರು ಇನ್ನೊಂದು ಮಾತು ಹೇಳಿದರು. ಅದು ನನ್ನನ್ನು ಎರಡು ರಾತ್ರಿಯಿಂದ ಸುಡುತ್ತಿದೆ. ನೀವು ಮದುವೆಯಾಗಿ ಬಂದ ಹೊಸತರಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನೀವೂ ರತ್ನಾವತಿ ಅತ್ತೆಯೂ ಬೆರಳಿನಲ್ಲಿ ಮಾತಾಡುತ್ತಿದ್ದಿರಂತೆ. ನಿಮ್ಮ ಅತ್ತೆಯನ್ನು ಅಣಕಿಸುವುದು, ಊರವರ ನಡಿಗೆ ತೋರಿಸುವುದು, ಇಬ್ಬರೂ ಹೊಟ್ಟೆ ಹಿಡಿದು ನಗುವುದು. "ರತ್ನಕ್ಕ ನಗ್ತಿದ್ದದ್ದು ವಸಂತಕ್ಕನ ಹತ್ರ ಮಾತ್ರ" ಎಂದರು. ಅವಳ ಮನಸ್ಸಿನಲ್ಲಿದ್ದದ್ದು ನನಗೊಬ್ಬಳಿಗೇ ತಿಳಿಯುತ್ತಿತ್ತು ಎಂದು ಜೂನಿನಲ್ಲೇ ಬರೆದಿದ್ದಿರಿ. ನಾನು ಅದನ್ನು ಭಕ್ತಿ ಎಂದು ಓದಿಕೊಂಡೆ. ಅದು ಭಾಷೆಯಾಗಿತ್ತು.

ನಿಮಗೆ ಗೊತ್ತಿತ್ತು. ಅವರನ್ನು ಅಷ್ಟು ಪ್ರೀತಿಸಿದವರು ನೀವು, ಡಾಕ್ಟರು ಕೇಳಿದಾಗ 'ಯಾರಿಗೂ ಇರಲಿಲ್ಲ' ಎಂದು ಬರೆದಿರಿ. ಆ ಫಾರಂನಲ್ಲಿ ನನ್ನ ಕೈಯಿಂದ 'ಇಲ್ಲ' ಎಂದು ತುಂಬಿಸಿದಿರಿ. ಒಂದು ಸಲ ರತ್ನಾವತಿ ಅತ್ತೆಯನ್ನು ದೇವರು ಮಾಡಿ ಮುಗಿಸಿದ್ದಾಯಿತು. ಈಗ ನನ್ನ ಮಗಳನ್ನು ಕೂರಿಸಲು ಪೀಠ ಸಿದ್ಧವಾಗುತ್ತಿದೆ. ಅಹಲ್ಯಾಳ ಮದುವೆಯ ಹೊತ್ತಿಗೆ ಮೌನವ್ರತದ ತನ್ಮಯಿ! ಬೇಡ ಅತ್ತೆ. ನನ್ನ ಮಗಳ ಪಾದವನ್ನು ಯಾರೂ ಮುಟ್ಟಬೇಡಿ. ಅವಳು ಹಟ ಮಾಡಲಿ, ಕೆಟ್ಟ ಮಾತು ಕಲಿಯಲಿ, ಈ ಬೀದಿಯ ಹುಡುಗಿಯರ ಹಾಗೆ ಬಂಗಾಳಿಯಲ್ಲಿ ಬೈಯಲಿ.

ನನಗೆ ದೇವರ ಮೇಲೆ ಸಿಟ್ಟಿಲ್ಲ. ಇದನ್ನು ನಂಬಿ. ಏಳು ತಿಂಗಳಲ್ಲಿ ಕಾಲಿಟ್ಟ ಕಡೆಯಲ್ಲೆಲ್ಲ ನಾನು ನೋಡಿದ್ದು ನನ್ನ ಹಾಗೆ ಮಗುವನ್ನು ಎದೆಗವಚಿಕೊಂಡು ನಿಂತ ಹೆಂಗಸರನ್ನು. ಅವರ ನಂಬಿಕೆಯನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ದಕ್ಷಿಣೇಶ್ವರದ ತಾಯಿ ಅವತ್ತೇ ತೋರಿಸಿದ್ದಳು. ಅಷ್ಟು ಜಾಗಟೆಯ ನಡುವೆ ಮಗುವನ್ನು ಮಲಗಿಸಿ, ನೋಡು ಎಂದಳು. ಇನ್ನೇನು ಮಾಡಬೇಕಿತ್ತು ಅವಳು? ನೋಡಲಾರದೆ ಹೋದವರು ನಾವು. ನಾನು ಗೊತ್ತಿಲ್ಲದೆ. ನೀವು ಗೊತ್ತಿದ್ದೂ.

ಭಟ್ಟರು ಹೇಳಿದ್ದನ್ನು ನಿಮ್ಮ ಮಗನಿಗೆ ಹೇಳಿದೆ. "ಭಟ್ಟರಿಗೆ ಹರಟೆ ಜಾಸ್ತಿ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಅಂತ ಅಮ್ಮನೇ ಬರೆದಿದ್ದಾಳಲ್ಲ? ಡಾಕ್ಟರೇ ತಪ್ಪಿರಬಹುದು. ಅಮ್ಮ ಒಂದು ಮಾತು ಹೇಳಲಿ, ಊರಿಗೆ ಹೊರಡೋದನ್ನ ಇಲ್ಲೇ ನಿಲ್ಲಿಸ್ತೀನಿ," ಎಂದ. ನೀವು ಮಾತಾಡುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ. ಅವನ ಆಸೆಯೆಲ್ಲ ನಿಮ್ಮ ಆ ಒಂದು ಸಾಲಿನ ಮೇಲೆ ನಿಂತಿದೆ. ಆಪರೇಷನ್ನಿಗೆ ಇಬ್ಬರ ಸಹಿಯನ್ನೂ ಕೇಳಿದ್ದಾರೆ. ನನ್ನದು ಆಗಿದೆ.

ಟ್ಯಾಕ್ಸಿ ಐದೂವರೆಗೆ ಬರುತ್ತದೆ. ಅದು ವಿಮಾನ ನಿಲ್ದಾಣಕ್ಕೆ ಹೋಗುತ್ತದೋ ಆಸ್ಪತ್ರೆಗೋ ಎನ್ನುವುದು ನಿಮ್ಮ ಕೈಯಲ್ಲಿದೆ.

ನಾಲ್ಕು ಗಂಟೆಗೆ ಎದ್ದು ಪಂಚಾಂಗ ನೋಡಲು ನೀವು ಫೋನ್ ತೆರೆಯುತ್ತೀರಿ. ಎಲ್ಲಕ್ಕಿಂತ ಮೇಲೆ ಈ ಕಾಗದ ಇರುತ್ತದೆ. ಓದಿ ದೇವರ ಮುಂದೆ ಇಡಬೇಡಿ. ಉತ್ತರ ಬರೆಯಬೇಡಿ, ನಿಮ್ಮ ಅಕ್ಷರಗಳನ್ನು ಇನ್ನು ನಾನು ನಂಬುವುದಿಲ್ಲ. ವ್ರತ ಮುರಿಯಿರಿ. ಪಾಪ ಬರುವುದಿದ್ದರೆ ನನಗೆ ಬರಲಿ, ಬೇಡಿಕೊಳ್ಳುತ್ತೇನೆ, ಗುಡ್ಡದ ಅಮ್ಮನ ಎದುರು ನಿಂತು ನನ್ನ ಹೆಸರೇ ಹೇಳಿ. ಬೈಯುವುದಿದ್ದರೆ ಬೈಯಿರಿ, ಜೋರಾಗಿ ಬೈಯಿರಿ. ಆದರೆ ನಿಮ್ಮ ಮಗನಿಗೆ ನಿಮ್ಮ ಬಾಯಿಂದ ಒಂದೇ ಸಾಲು ಹೇಳಿ: ರತ್ನಾವತಿಗೆ ಕಿವಿ ಕೇಳುತ್ತಿರಲಿಲ್ಲ.

ಅವರ ಸಲುವಾಗಿಯಾದರೂ ಹೇಳಿ. ಅವರನ್ನು ನಗಿಸಿದವರು ನೀವೊಬ್ಬರೇ.

ಅವನು ನಡುಮನೆಯಲ್ಲೇ ಬ್ಯಾಗಿಗೆ ಒರಗಿ ಕಣ್ಣು ಮುಚ್ಚಿದ್ದಾನೆ. ಅವನ ಫೋನು ಸೈಲೆಂಟಿನಲ್ಲಿತ್ತು. ಸದ್ದು ಪೂರ್ತಿ ಜೋರು ಮಾಡಿ ಅವನ ಕಿವಿಯ ಹತ್ತಿರ ಇಟ್ಟಿದ್ದೇನೆ. ಅವನಿಗೆ ಕೇಳಿಸುತ್ತದೆ. ಫೋನ್ ಮಾಡಿ ಅತ್ತೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು ಫೋನ್ ಮಾಡಿ.